ಅರ್ಧಕ್ಕೇ ನಿಂತ ರಿಪೇರಿಗಳು: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಹೆಂಡತಿ ಶಾಲೆಯಲ್ಲಿ ಕಲಿಸುವವರು. ನಮ್ಮ ಕಡೆ ಮಕ್ಕಳು ಕರೆಯುವ ಹಾಗೆ ಅವರನ್ನು ಅಕ್ಕೋರು ಅನ್ನುತ್ತೇನೆ. ಗಂಡ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರು ಇಲ್ಲಿ ಯಜಮಾನರು.

2024ರ ಏಪ್ರಿಲ್ ಕೊನೆಯ ವಾರ. ಹೊರಗೆ ಕಾಲಿಟ್ಟರೆ ಮುಖ ಸುಡುವ ಬಿಸಿಲು. ಅಕ್ಕೋರು ಒಬ್ಬರೇ ಬಂದರು. ಕೈಯಲ್ಲಿ ಸುತ್ತಿದ ಮೂರು ಗೋಡೆ ಕ್ಯಾಲೆಂಡರ್. ಕೂತವರೇ ಮೇಜಿನ ಮೇಲೆ ಬಿಡಿಸಿದರು.

"ಮೂರು ವರ್ಷದಿಂದ ನಮ್ಮ ಮನ್ಯಾಗ ರಿಪೇರಿ ನಡದದ ಮೇಡಂ. ಒಂದೂ ಮುಗದಿಲ್ಲ. ಎಲ್ಲಾ ತಾರೀಖು ಬರದಿಟ್ಟೀನಿ, ನೋಡ್ರಿ. ನಾ ಮಗಳನ್ನ ಕರ್ಕೊಂಡು ತವರಿಗಿ ಹೋಗ್ತೀನಿ."

ಹಾಲಿನ ಲೆಕ್ಕದ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಬಚ್ಚಲ ಪರ್ಸಿ, ಅಂದರೆ ನೆಲದ ಹಾಸುಗಲ್ಲು, ಕಿತ್ತರು. ಅಡುಗೆಮನೆ ಕಟ್ಟೆ ಒಡೆದರು. ಮಾಳಿಗೆ ಮೇಲಿನ ನೀರಿನ ಪೈಪ್ ಕೊಯ್ದರು. ನಡುಮನೆಯ ಸ್ವಿಚ್ ಬೋರ್ಡ್ ಬಿಚ್ಚಿದರು. ಶುರುವಾದ ತಾರೀಖು ಎಲ್ಲದಕ್ಕೂ ಇತ್ತು. ಮುಗಿದ ತಾರೀಖು ಎಲ್ಲೂ ಇರಲಿಲ್ಲ. ಬಚ್ಚಲು ಕಿತ್ತಾಗಿನಿಂದ ಮನೆಮಂದಿಯೆಲ್ಲ ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತು ಸ್ನಾನ. ಎಪ್ಪತ್ತು ದಾಟಿದ ಅತ್ತೆ ಕೂಡ, ಸುತ್ತ ಹಳೆ ಸೀರೆ ಕಟ್ಟಿಕೊಂಡು.

ಆದರೆ ಅಕ್ಕೋರು ಬಂದದ್ದು ಇದಕ್ಕಲ್ಲ. ಹಿಂದಿನ ವಾರ ಪಿಯುಸಿ ಓದುವ ಮಗಳಿಗೆ ಕೂಲರ್‌ನಿಂದ ಶಾಕ್ ಹೊಡೆದಿತ್ತು. ಸ್ವಿಚ್ ಆಫ್ ಮಾಡಿಯೇ ಹುಡುಗಿ ನೀರು ಹಾಕಲು ಹೋಗಿದ್ದಳು. ಒದ್ದೆ ಕೈ, ಕಬ್ಬಿಣದ ಮೈ. ಕೊಡ ಕೈಯಿಂದ ಹಾರಿ ಬಿತ್ತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಆ ಕೋಣೆಗೇ ಹೋಗುತ್ತಿರಲಿಲ್ಲ. ಸ್ವಿಚ್ ಹಾಕಬೇಕಾದರೆ ಅಜ್ಜಿಯನ್ನು ಕರೆಯುತ್ತಿದ್ದಳು.

ಅವತ್ತು ನಾನು ಗಂಡ ಹೆಂಡತಿಯ ಮಾತನ್ನು ಪಕ್ಕಕ್ಕಿಟ್ಟು ಮೊದಲು ಕರೆಂಟಿನ ಬಗ್ಗೆ ಮಾತಾಡಿದೆ. ಮನಸ್ಸಿನ ಮಾತಿಗೆ ಒಂದು ವಾರ ತಡವಾದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಕೂಲರ್ ಪ್ಲಗ್ ಕಿತ್ತಿಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ನಾಳೆಯೇ ಪೂರ್ತಿ ಮನೆ ತೋರಿಸಿ, ಅಲ್ಲಿಯ ತನಕ ಆ ಬೋರ್ಡ್ ಯಾರೂ ಮುಟ್ಟಬೇಡಿ ಅಂದೆ. ಮರುದಿನ ಸಂಜೆ ಫೋನ್ ಬಂತು. ಬೋರ್ಡ್ ಜೋಡಿಸುವಾಗ ಯಜಮಾನರು ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಗೆ ಕೊಡುವ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿದ್ದರು. ಹೀಗಾದರೆ ಆಫ್ ಮಾಡಿದಾಗ ಫ್ಯಾನು, ಪಂಪು ನಿಲ್ಲುತ್ತವೆ. ಕರೆಂಟ್ ಮಾತ್ರ ಒಳಗೆ ಹಾಗೇ ಇರುತ್ತದೆ. ಕೂಲರಿನ ಹಳೆಯ ಪಂಪು ನೀರಿಗೆ ಕರೆಂಟ್ ಸೋರಿಸುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ಅರ್ಥಿಂಗ್ ತಂತಿಯನ್ನು ಎಲ್ಲಿಗೂ ಕೊಡದೆ ಮಡಚಿ ಒಳಗೆ ತುರುಕಿದ್ದರು. ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್, ಎಂಸಿಬಿ, ಇತ್ತಲ್ಲ ಅಂತ ಅಕ್ಕೋರು ಕೇಳಿದರು. ಬಹಳ ಜನ ಹೀಗೇ ತಿಳಿದಿದ್ದಾರೆ. ಎಂಸಿಬಿ ಬೀಳುವುದು ಲೋಡ್ ಜಾಸ್ತಿ ಆದರೆ, ಇಲ್ಲ ಶಾರ್ಟ್ ಆದರೆ. ಮನುಷ್ಯರನ್ನು ಶಾಕ್‌ನಿಂದ ಉಳಿಸುವುದು, ಸೋರುವ ಕರೆಂಟನ್ನು ಕಂಡುಹಿಡಿಯುವ ಬೇರೊಂದು ಸ್ವಿಚ್, ಆರ್‌ಸಿಸಿಬಿ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು. ಅಷ್ಟು ಸೋರಿಕೆ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ಅದನ್ನು ಹಾಕಿಸಿದರು. ಮೂರು ಪಿನ್ನಿನ ಪ್ಲಗ್ ಹಾಕಿಸಿದರು. ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಅರ್ಥಿಂಗ್ ತಂತಿ ಇಳಿಸಿದ ಗುಂಡಿಗೆ ಆಗಾಗ ನೀರು ಹಾಕಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿ ಹೋದರು.

ಎರಡನೇ ಭೇಟಿಗೆ ಯಜಮಾನರೂ ಬಂದರು. ಮೊದಲ ಅರ್ಧ ಗಂಟೆ ನೆಲ ನೋಡುತ್ತಾ ಕೂತಿದ್ದರು. ಮಗಳ ಮಾತು ಬಂದಾಗ ಕೈ ನಡುಗಿತು. ಕೈ ಮೇಲೆ ಸಿಮೆಂಟು ತಿಂದು ಬಿಳಿಚಿದ ಚರ್ಮ, ಹೆಬ್ಬೆರಳ ಉಗುರಿನ ಅಡಿ ಕರಿಗಟ್ಟಿದ ಹಳೆ ಗಾಯ. ದಿನವಿಡೀ ಲೆಕ್ಕ ಬರೆಯುವವರ ಕೈ ಅನ್ನಿಸಲಿಲ್ಲ.

"ಈ ಕೆಲಸ ಎಲ್ಲಿ ಕಲಿತಿರಿ?" ಅಂತ ಕೇಳಿದೆ.

"ಕಲತಿಲ್ರಿ ಮೇಡಂ. ಅಪ್ಪ ಗೌಂಡಿ ಇದ್ದರು. ನನಗ ಒಂದು ದಿನಾನೂ ಕರಣಿ ಮುಟ್ಟಗೊಡಲಿಲ್ಲ. ನೀ ಓದು ಅಂತಿದ್ದರು."

ಆ ಮನೆ ಅಪ್ಪನೇ ಕಟ್ಟಿದ್ದು. ನೆಲಕ್ಕೆ ಶಹಾಬಾದ್ ಪರ್ಸಿಯನ್ನು ತಾವೇ ಹಾಸಿದ್ದರು. 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ತೀರಿಕೊಂಡರು. ಮಗನಿಗೆ ಮಣ್ಣಿಗೂ ಸರಿಯಾಗಿ ಹೋಗಲಾಗಲಿಲ್ಲ. ಅಪ್ಪನ ಚೀಲದಲ್ಲಿ ಗಾರೆ ಬಳಿಯುವ ಕರಣಿ, ಸುತ್ತಿಗೆ, ಗೋಡೆ ನೆಟ್ಟಗಿದೆಯಾ ಅಂತ ನೋಡುವ ದಾರ ಗುಂಡು ಹಾಗೇ ಉಳಿದಿದ್ದವು.

ಆಗ ನಾನು ಕ್ಯಾಲೆಂಡರ್ ಅವರ ಮುಂದೆ ಇಟ್ಟೆ. ಒಂದೊಂದು ತಾರೀಖಿಗೂ ಒಂದೇ ಪ್ರಶ್ನೆ. ಈ ವಾರ ಮನೆಯಲ್ಲಿ ಏನಾಗಿತ್ತು?

ಬಚ್ಚಲು ಕಿತ್ತದ್ದು ಅಪ್ಪ ಹೋದ ಹದಿನೈದನೇ ದಿನ. ಅಡುಗೆಮನೆ ಕಟ್ಟೆ ಒಡೆದದ್ದು ಮಿಲ್ಲಿನಲ್ಲಿ ಪಾಳಿ ಕಡಿಮೆ ಮಾಡಿ ಇನ್ನು ಮುಂದೆ ಅರ್ಧ ಸಂಬಳ ಅಂದ ವಾರ. ಪೈಪ್ ಕೊಯ್ದದ್ದು ಒಡಹುಟ್ಟಿದ ತಮ್ಮ ಮನೆಯಲ್ಲಿ ಪಾಲು ಕೇಳಿ ಫೋನ್ ಮಾಡಿದ ಮರುದಿನ. ಸ್ವಿಚ್ ಬೋರ್ಡ್ ಬಿಚ್ಚಿದ್ದು ಮಗಳ ಕೋಚಿಂಗ್ ಫೀಸಿಗೆ ಸಾಲ ಸಿಗದೆ ವಾಪಸ್ ಬಂದ ಸಂಜೆ. ಹೇಳುತ್ತಾ ಹೇಳುತ್ತಾ ಅವರೇ ನಿಂತುಬಿಟ್ಟರು. ತಮಗೇ ಇದು ಗೊತ್ತಿರಲಿಲ್ಲ. ಅರ್ಧ ಸಂಬಳದ ಸುದ್ದಿ ಅಕ್ಕೋರಿಗೂ ಹೊಸದು. ಎರಡೂವರೆ ವರ್ಷ ಯಜಮಾನರು ಊರವರ ಹತ್ತಿರ ಕೈಸಾಲ ಮಾಡಿ ಮನೆಗೆ ಪೂರ್ತಿ ಸಂಬಳ ಅಂತ ಕೊಟ್ಟಿದ್ದರು.

"ನನಗ ಒಂದು ಮಾತು ಹೇಳಬಾರದಿತ್ತೇನ್ರಿ?"

"ನೀ ದಿನಾ ದಣಕೊಂಡು ಬರ್ತಿದ್ದಿ. ಮನಿ ಆದ್ರೂ ಛೊಲೊ ಮಾಡಬೇಕು ಅನ್ಕೊಂಡೆ."

ಅಕ್ಕೋರು ಬಹಳ ಹೊತ್ತು ಅತ್ತರು. ನಾನು ನಡುವೆ ಬಾಯಿ ಹಾಕಲಿಲ್ಲ.

ಇಂಥ ಮನೆಗಳನ್ನು ನಾನು ಮೊದಲೂ ನೋಡಿದ್ದೇನೆ. ಗಂಡಸು ಬಾಯಿಬಿಟ್ಟು ಹೇಳಲಾಗದ್ದನ್ನು ಕೈಯಲ್ಲಿ ಮಾಡಲು ಹೋಗುತ್ತಾನೆ. ಒಡೆಯುವಾಗ ಮನಸ್ಸು ಹಗುರಾಗುತ್ತದೆ, ಅಷ್ಟು ಹೊತ್ತಿಗೆ ಎದೆಯ ಭಾರ ಇಳಿಯುತ್ತದೆ. ಕೂಡಿಸುವ ಕೆಲಸಕ್ಕೆ ತಾಳ್ಮೆ ಬೇಕು, ದುಡ್ಡು ಬೇಕು, ಗೊತ್ತಿದ್ದವರನ್ನು ಕೇಳಬೇಕು. ಅಲ್ಲಿ ನಿಂತುಹೋಗುತ್ತದೆ. ಮುಂದಿನ ಕೆಟ್ಟ ದಿನಕ್ಕೆ ಹೊಸ ಗೋಡೆ ಬೇಕಾಗುತ್ತದೆ. ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುವುದು ಧೂಳು ಮಾತ್ರ.

ಬೀಗರೆಲ್ಲ ಸೇರಿ ಒಂದು ತೀರ್ಮಾನ ಕೊಟ್ಟಿದ್ದರಂತೆ. ಆ ಚೀಲ ಗುಜರಿಗೆ ಹಾಕು, ಗುತ್ತಿಗೆ ಕೊಟ್ಟು ಕೆಲಸ ಮುಗಿಸು ಅಂತ. ನಾನು ಒಪ್ಪಲಿಲ್ಲ. ಅಪ್ಪನ ಕರಣಿ ಕಿತ್ತುಕೊಂಡರೆ ಅವರ ಕೈಗೆ ಬೇರೆ ಏನು ಕೊಡುತ್ತೀರಿ? ಆದರೆ ಹೀಗೇ ಮುಂದುವರಿಯಲೂ ಬಿಡಲಿಲ್ಲ. ನಾಲ್ಕು ಮಾತು ಸ್ಪಷ್ಟವಾಗಿ ಹೇಳಿದೆ. ಕರೆಂಟ್ ಕೆಲಸ ಇನ್ನು ಜನ್ಮದಲ್ಲಿ ಮುಟ್ಟಬಾರದು. ಒಂದು ಕೆಲಸ ಪೂರ್ತಿ ಮುಗಿಯುವ ತನಕ ಇನ್ನೊಂದಕ್ಕೆ ಸುತ್ತಿಗೆ ಎತ್ತಬಾರದು. ಯಾವುದು ಮೊದಲು ಅಂತ ಹೇಳುವುದು ಅಕ್ಕೋರು. ಕೆಟ್ಟ ಸುದ್ದಿ ಬಂದ ದಿನ ಚೀಲದ ಹತ್ತಿರ ಹೋಗುವ ಮೊದಲು ಹೆಂಡತಿಗೆ ಹೇಳಬೇಕು, ಎರಡೇ ಮಾತಾದರೂ ಸಾಕು.

ಅಕ್ಕೋರಿಗೂ ಹೇಳುವುದಿತ್ತು. ಬಂದವರ ಮುಂದೆಲ್ಲ "ಇವ್ರ ಹಾಳ ಚಾಕರಿ ನೋಡ್ರಿ" ಅನ್ನುತ್ತಿದ್ದರು. ಅದನ್ನು ಬಿಡಬೇಕು ಅಂದೆ. ಸಿಟ್ಟು ನ್ಯಾಯವಾದದ್ದೇ. ಆದರೆ ನಾಲ್ಕು ಜನರ ಮುಂದೆ ಆಡಿದ ಮಾತು ಅವರನ್ನು ಇನ್ನೂ ಒಳಗೆ ತಳ್ಳುತ್ತಿತ್ತು. ಅಕ್ಕೋರು ಒಪ್ಪಿಕೊಂಡರು. ತವರಿಗೆ ಹೋಗುವ ಮಾತನ್ನು ನಾನು ತಡೆಯಲಿಲ್ಲ. ಮಗಳ ಜೊತೆ ಹತ್ತು ದಿನ ಹೋಗಿ ಬನ್ನಿ, ಹುಡುಗಿ ನಿದ್ದೆ ಮಾಡಲಿ ಅಂದೆ. ಹೋಗಿ ಬಂದರು.

ಅಕ್ಕೋರು ಮೊದಲು ಬಚ್ಚಲು ಅಂದರು. ಯಜಮಾನರಿಗೆ ಬಚ್ಚಲಿಗಿಂತ ಗೋಡೆಯ ಬಿರುಕಿನದೇ ಚಿಂತೆ. ನಡುಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ಅದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಜಿಲ್ಲೆಯೆಲ್ಲ ನೀರಾಯಿತಲ್ಲ, ಆ ಮಳೆಯ ನಂತರದ ಬೇಸಿಗೆಯಲ್ಲಿ ಕಾಣಿಸಿಕೊಂಡಿತ್ತು. ನಾಲ್ಕು ಸಲ ಸಿಮೆಂಟು ತುಂಬಿದ್ದರು. ನಾಲ್ಕು ಸಲವೂ ಪಕ್ಕದಲ್ಲೇ ಬಿಟ್ಟಿತ್ತು.

"ಅಪ್ಪ ಕಟ್ಟಿದ ಗೋಡಿ ನನ್ನ ಕೈಯಾಗ ನಿಲ್ಲವಲ್ದು ಮೇಡಂ." ಈ ಮಾತು ಹೇಳುವಾಗ ಅವರ ಗಂಟಲು ಕಟ್ಟಿತ್ತು.

ನಾನೂ ಈ ಎರೆಮಣ್ಣಿನ ಊರಿನವಳೇ. ಇಲ್ಲಿಯ ಕರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಅದರ ಜೊತೆ ಏರಿಳಿಯುತ್ತದೆ, ಗೋಡೆ ಓರೆಯಾಗಿ ಸೀಳುತ್ತದೆ. ಸಿಮೆಂಟು ಗಟ್ಟಿ, ಬಗ್ಗುವುದಿಲ್ಲ. ತುಂಬಿದ ಜಾಗ ನಿಂತರೆ ಪಕ್ಕದ್ದು ಬಿರಿಯುತ್ತದೆ. ಯಾರು ತುಂಬಿದರೂ ಹೀಗೇ. ಇಷ್ಟು ನಾನು ಹೇಳಿದೆ. ಗೋಡೆ ಅಪಾಯದಲ್ಲಿದೆಯಾ ಅನ್ನುವುದನ್ನು ಸಿವಿಲ್ ಇಂಜಿನಿಯರ್ ನೋಡಬೇಕು ಅಂತ ಒತ್ತಾಯ ಮಾಡಿದೆ.

ಇಂಜಿನಿಯರ್ ಗೋಡೆ ನೋಡಿದವರು ನೇರ ಹಿತ್ತಲಿಗೆ ಹೋದರಂತೆ. ಮೂರು ವರ್ಷ ಮನೆಮಂದಿ ಸ್ನಾನ ಮಾಡಿದ ನೀರೆಲ್ಲ ಆ ಗೋಡೆಯ ಬುಡಕ್ಕೇ ಇಂಗಿತ್ತು. ಒಂದು ಕಡೆ ಮಣ್ಣು ಸದಾ ಹಸಿ, ಇನ್ನೊಂದು ಕಡೆ ಒಣ. ಬಿರುಕು ಅಗಲವಾಗಲು ಅದೇ ಕಾರಣ. ಗೋಡೆ ಬೀಳುವ ಸ್ಥಿತಿಯಲ್ಲಿಲ್ಲ, ಮೊದಲು ಬಚ್ಚಲು ಸರಿಮಾಡಿ ನೀರನ್ನು ಪೈಪಿನಲ್ಲಿ ಚರಂಡಿಗೆ ಬಿಡಿ, ಮನೆ ಸುತ್ತ ಹೊರಗೆ ಇಳಿಜಾರಾಗಿ ಪರ್ಸಿ ಹಾಸಿ ಅಂದರು. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ, ಒಂದು ವರ್ಷ ನೋಡಿ, ಆಮೇಲೆ ಸ್ವಲ್ಪ ಹಿಗ್ಗಿ ಕುಗ್ಗುವ ಫಿಲ್ಲರ್ ತುಂಬಬಹುದು ಅಂತಲೂ ಹೇಳಿದರು. ಅಕ್ಕೋರು ಕೇಳಿದ್ದೂ ಯಜಮಾನರಿಗೆ ಬೇಕಾದದ್ದೂ ಒಂದೇ ಕೆಲಸ ಅಂತ ಇಬ್ಬರಿಗೂ ಅವತ್ತು ಗೊತ್ತಾಯಿತು.

ಬಚ್ಚಲಿಗೆ ನಾನು ಕೊಟ್ಟ ಸಲಹೆ ಒಂದೇ. ಒಬ್ಬರೇ ಮಾಡಬೇಡಿ, ಅಪ್ಪನ ಜೊತೆ ದುಡಿದ ಯಾರಾದರೂ ಹಿರಿಯ ಗೌಂಡಿ ಇದ್ದರೆ ಕರೆಯಿರಿ. ಒಬ್ಬರು ಇದ್ದರು. ಎರಡು ಭಾನುವಾರ ಬಂದರು. ಕೂಲಿ ತೆಗೆದುಕೊಳ್ಳಲು ಒಪ್ಪದೆ ಊಟ ಮಾಡಿ ಹೋದರು. ಯಜಮಾನರು ಮೊದಲು ಹಾಸಿದ ನೆಲದಲ್ಲಿ ನೀರು ಯಾಕೆ ನಿಲ್ಲುತ್ತಿತ್ತು ಅಂತ ಆ ಗೌಂಡಿ ದಾರ ಕಟ್ಟಿ ತೋರಿಸಿದರು. ನಾಲ್ಕು ಅಡಿಗೆ ಅರ್ಧ ಇಂಚಾದರೂ ಮೋರಿಯ ಕಡೆ ಇಳಿಜಾರು ಬೇಕು, ಅದು ಇರಲಿಲ್ಲ. ಮೆಟ್ಟಿಲ ಕೆಳಗೆ ಉಳಿದಿದ್ದ ಅರ್ಧ ಚೀಲ ಸಿಮೆಂಟು ಕಲ್ಲಾಗಿತ್ತು, ಅದನ್ನು ಹೊರಗೆ ಹಾಕಿಸಿದರು. ಮೇ ಬಿಸಿಲಿನಲ್ಲಿ ಮಧ್ಯಾಹ್ನ ಸಿಮೆಂಟು ಹಾಕಿದರೆ ಗಟ್ಟಿಯಾಗುವ ಮೊದಲೇ ನೀರು ಆರಿ ಪುಡಿ ಏಳುತ್ತದೆ ಅಂತ ಸಂಜೆ ಕೆಲಸ ಹಿಡಿಸಿದರು. ಪರ್ಸಿಯನ್ನೂ ನೆಲವನ್ನೂ ಚೆನ್ನಾಗಿ ನೆನೆಸಿದ ಮೇಲೆಯೇ ಹಾಸು. ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ನೀರು. ಆ ಏಳು ದಿನ ಯಾರೂ ಕಾಲಿಡಬಾರದು.

ಏಳು ದಿನ ಸುಮ್ನೆ ಕಾಯುವುದು ಯಜಮಾನರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ನಾಲ್ಕನೇ ದಿನ ತಮ್ಮನ ಫೋನ್ ಬಂತು. ಕೈ ಚೀಲದ ಕಡೆ ಹೋಗಿತ್ತಂತೆ. ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದರು. "ತಮ್ಮ ಮತ್ತ ಕೇಳ್ಲಕತ್ತಾನ." ಅಕ್ಕೋರು ಒಲೆ ಆರಿಸಿ ಹೊರಗೆ ಬಂದು ಕೂತರು. ಪಾಲಿನ ಮಾತು ಅಲ್ಲಿಂದ ಇಬ್ಬರದೂ ಆಯಿತು.

ಮಗಳ ಜೊತೆ ಬೇರೆಯಾಗಿ ನಾಲ್ಕು ಸಲ ಕೂತೆ. ಭಯ ಹೋಗು ಅಂದರೆ ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಲು ಹೇಳಿದ್ದೆ. ಒತ್ತಿದ ಕೂಡಲೇ ಮನೆಯ ಕರೆಂಟ್ ಹೋಯಿತು. ಈಗ ತಿಂಗಳಿಗೊಮ್ಮೆ ಆ ಬಟನ್ ಒತ್ತಿ ನೋಡುವುದು ಅವಳ ಕೆಲಸ. ನೀರು ಹಾಕುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತೇ ಹಾಕಬೇಕು ಅಂತ ಅಜ್ಜಿಗೂ ಕಲಿಸಿದ್ದಾಳೆ. ಅಪ್ಪ ಅವಳ ಹತ್ತಿರ ಕ್ಷಮೆ ಕೇಳಿದರು. ಅದನ್ನು ನಾನು ಹೇಳಿ ಮಾಡಿಸಿದ್ದಲ್ಲ.

2025ರ ಏಪ್ರಿಲ್‌ನಲ್ಲಿ ಅಕ್ಕೋರು ಹೊಸ ಕ್ಯಾಲೆಂಡರ್ ತಂದು ತೋರಿಸಿದರು. ಈ ಸಲ ಹಾಲಿನ ಲೆಕ್ಕದ ಪಕ್ಕ ಎರಡು ಕೈಬರಹ. ಸಾಲ ಇನ್ನೂ ಇದೆ, ತಿಂಗಳು ತಿಂಗಳು ತೀರಿಸುತ್ತಿದ್ದಾರೆ. ಅಡುಗೆಮನೆ ಕಟ್ಟೆ ಇನ್ನೂ ಅರ್ಧ. ಬಿರುಕು ಈ ಬೇಸಿಗೆಯಲ್ಲೂ ಕೂದಲೆಳೆಯಷ್ಟು ಬಿಟ್ಟಿದೆ. ಯಜಮಾನರು ಅದಕ್ಕೆ ಏನೂ ತುಂಬಿಲ್ಲ. ಪೆನ್ಸಿಲ್ ಗೆರೆ ಎಳೆದು, ತಾರೀಖು ಹಾಕಿ, ಅಕ್ಕೋರನ್ನು ಕರೆದು ತೋರಿಸಿದ್ದಾರೆ. ಮುಂದಿನ ಭೇಟಿಯನ್ನು ಮಳೆ ಹಿಡಿದ ಮೇಲೆ ಇಟ್ಟುಕೊಂಡಿದ್ದೇವೆ.