ಕಾಲುಚೀಲದ ಸುಕ್ಕಿನ ಬಳಿ ಇನ್ನಷ್ಟು ಹೊತ್ತು ನಿಲ್ಲಿ

ಪ್ರಿಯ ಮಿತ್ರರೇ,

ಅಮೆರಿಕದ ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಕುರಿತು ನೀವು ಕಳುಹಿಸಿದ 'ಗುರು ಕಲಿಸಿದ ಹನ್ನೆರಡು ನಾಯಕತ್ವದ ಪಾಠಗಳು' ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಓದಿ ಸಿಟ್ಟು ಬಂತು. ಆ ಸಿಟ್ಟು ಯಾಕೆ ಬಂತೆಂದು ತಿಳಿಯಲು ಬೆಳಿಗ್ಗೆ ಮತ್ತೆ ಓದಿದೆ. ನಿಮ್ಮ ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಕನ್ನಡದಲ್ಲಿ ಹೆಚ್ಚು ಜನ ಬರೆಯದ ಆಟವೊಂದನ್ನು ಆರಿಸಿಕೊಂಡಿದ್ದೀರಿ. ಅದಕ್ಕೆ ಅಭಿನಂದನೆ. ಇನ್ನು ನನ್ನನ್ನು ಕಾಡಿದ ಸಂಗತಿಗೆ ಬರುತ್ತೇನೆ.

ನಿಮ್ಮ ಮೂರನೇ ಪಾಠದ ಉಪಶೀರ್ಷಿಕೆ 'ಶಿಸ್ತೇ ಯಶಸ್ಸಿನ ಮೂಲ'. ಅದರ ಕೆಳಗೆ ಮೂರೇ ವಾಕ್ಯಗಳಿವೆ: 'ಪ್ರತಿ ವರ್ಷ ಅಭ್ಯಾಸದ ಮೊದಲ ದಿನ ವುಡನ್ ತಮ್ಮ ಆಟಗಾರರಿಗೆ ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಆ ಮೂಲಕ ಶಿಸ್ತಿನ ಮಹತ್ವವನ್ನು ಜಗತ್ತಿಗೆ ಸಾರಿದರು. ನಾವೂ ಇದನ್ನು ಬದುಕಿನಲ್ಲಿ ಅಳವಡಿಸಿಕೊಳ್ಳಬೇಕು.'

ಮೊದಲನೆಯ ವಾಕ್ಯ ಓದಿ ನಾನು ನೆಟ್ಟಗೆ ಕುಳಿತೆ. ಎರಡನೆಯದಕ್ಕೆ ಬರುವಷ್ಟರಲ್ಲಿ ನೀವು ಅಲ್ಲಿಂದ ಎದ್ದು ಹೋಗಿದ್ದಿರಿ. ತುತ್ತು ಬಾಯಿಗೆ ಬರುವ ಮೊದಲೇ ತಟ್ಟೆ ಎತ್ತಿಬಿಟ್ಟಂತಾಯಿತು. ಆ ಕೊಠಡಿಯಲ್ಲಿ ಯಾರು ಕುಳಿತಿದ್ದರು ಎಂಬುದನ್ನಾದರೂ ಹೇಳಬೇಡವೇ? ವುಡನ್ ತರಬೇತಿ ಕೊಡುತ್ತಿದ್ದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದವರು ಹೈಸ್ಕೂಲಿನಲ್ಲೇ ದೇಶಕ್ಕೆಲ್ಲ ಹೆಸರಾದ ಹುಡುಗರು. ಒಂದು ವರ್ಷ ಅವರಲ್ಲಿ ಏಳಡಿ ಮೀರಿದ ಲೂ ಆಲ್ಸಿಂಡರ್ ಇದ್ದರು, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು. ಇನ್ನೊಂದು ವರ್ಷ ಬಿಲ್ ವಾಲ್ಟನ್ ಇದ್ದರು. ಇಂಥವರ ಮುಂದೆ ಐವತ್ತು ದಾಟಿದ, ಹಿಂದೆ ಇಂಡಿಯಾನಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಮನುಷ್ಯನೊಬ್ಬ ಕಾಲುಚೀಲ ಹಿಡಿದು ನಿಂತಿದ್ದಾನೆ. ಚೀಲವನ್ನು ಬಿಗಿಯಾಗಿ ಮೇಲೆಳೆಯಿರಿ, ಕಿರುಬೆರಳಿನ ಸುತ್ತ ಕೈಯಾಡಿಸಿ, ಹಿಮ್ಮಡಿಯ ಬಳಿ ಇನ್ನೊಮ್ಮೆ ನೋಡಿ, ಎಲ್ಲೂ ಸುಕ್ಕು ಉಳಿಯಬಾರದು ಎನ್ನುತ್ತಿದ್ದಾನೆ. ಬೂಟಿಗೆ ಕಾಲು ತೂರಿಸುವಾಗಲೂ ಚೀಲವನ್ನು ಮೇಲಕ್ಕೆ ಹಿಡಿದಿರಬೇಕು. ಲೇಸನ್ನು ಮೇಲಿನಿಂದ ಒಮ್ಮೆಗೇ ಜಗ್ಗದೆ ಒಂದೊಂದು ತೂತಿನ ಬಳಿಯೂ ಬಿಗಿಯಬೇಕು, ಕೊನೆಗೆ ಎರಡು ಗಂಟು ಹಾಕಬೇಕು. ಇದಿಷ್ಟನ್ನು ಬರೆದಿದ್ದರೆ ಓದುಗ ತನ್ನ ಕಾಲನ್ನೊಮ್ಮೆ ನೋಡಿಕೊಳ್ಳುತ್ತಿದ್ದ.

ಎರಡನೆಯ ವಾಕ್ಯದ 'ಜಗತ್ತಿಗೆ ಸಾರಿದರು' ಎಂಬುದು ನಿಜವಲ್ಲ. ಅಲ್ಲಿದ್ದದ್ದು ಬೆರಳೆಣಿಕೆಯಷ್ಟು ಹುಡುಗರು, ಅವರಿಗೆ ಹೇಳಿದರು, ಅಷ್ಟೇ. 'ಶಿಸ್ತಿನ ಮಹತ್ವ' ಎಂಬುದಂತೂ ನೀವು ಹೊರಗಿನಿಂದ ತಂದು ಸೇರಿಸಿದ ಮಾತು. ವುಡನ್ ಕೊಟ್ಟ ಕಾರಣ ತೀರಾ ಸರಳ. ಸುಕ್ಕಿದ್ದರೆ ಕಾಲಿಗೆ ಬೊಕ್ಕೆ ಏಳುತ್ತದೆ, ಬೊಕ್ಕೆ ಎದ್ದರೆ ಅಭ್ಯಾಸ ತಪ್ಪುತ್ತದೆ. ಬೊಕ್ಕೆಯನ್ನು ತೆಗೆದು ಆ ಜಾಗದಲ್ಲಿ ಶಿಸ್ತನ್ನು ಇಟ್ಟದ್ದರಿಂದ ಮನುಷ್ಯ ಹೋಗಿ ಮೂರ್ತಿ ಬಂದು ಕುಳಿತಿದೆ. ಮೂರನೆಯ ವಾಕ್ಯವನ್ನು ಹೊಡೆದು ಹಾಕಿ. ಅಳವಡಿಸಿಕೊಳ್ಳುವುದು ಬಿಡುವುದು ಓದುಗನಿಗೆ ಸೇರಿದ್ದು.

ವುಡನ್ ಸೂಕ್ತಿಗಳನ್ನು ಪ್ರೀತಿಸುತ್ತಿದ್ದರು, ನಿಜ. ಯಶಸ್ಸಿಗೆ ಬೇಕಾದ ಗುಣಗಳನ್ನು ಒಂದರ ಮೇಲೊಂದು ಜೋಡಿಸಿದ 'ಯಶಸ್ಸಿನ ಪಿರಮಿಡ್' ಎಂಬ ಚಿತ್ರವನ್ನು 1934ರಲ್ಲಿ ಶುರು ಮಾಡಿ ಹದಿನಾಲ್ಕು ವರ್ಷ ತಿದ್ದಿ ತೀಡಿದರು. ನೀವು ಅದನ್ನೇ ನೆಚ್ಚಿಕೊಂಡಿರಿ. ಆದರೆ ಅಂಗಳದಲ್ಲಿ ಅವರ ಮಾತಿನ ರೀತಿಯೇ ಬೇರೆ. ಅವರ ಕೊನೆಯ ಋತುವಿನಲ್ಲಿ, 1974–75ರಲ್ಲಿ, ಗ್ಯಾಲಿಮೋರ್ ಮತ್ತು ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ವೇಳೆ ಕುಳಿತು ಅವರ ಮಾತು, ಸನ್ನೆಗಳನ್ನು ಎಣಿಸುತ್ತಾ ಹೋದರು. ಲೆಕ್ಕ 2,300 ದಾಟಿತು. ಅದರಲ್ಲಿ ಅರ್ಧದಷ್ಟು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನೇರ ಸೂಚನೆ. ಹೊಗಳಿಕೆ ನೂರಕ್ಕೆ ಏಳರ ಆಸುಪಾಸು, ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಇಂಥ ಮನುಷ್ಯನ ಮೇಲಿನ ನಿಮ್ಮ ಲೇಖನದಲ್ಲಿ ನೂರಕ್ಕೆ ತೊಂಬತ್ತು ಉಪದೇಶವೇ ತುಂಬಿರುವುದು ನನಗೆ ನೋವು ತಂದಿತು.

ಏಳನೇ ಪಾಠದ ಒಂದು ವಾಕ್ಯವನ್ನೂ ಇಲ್ಲಿ ಎತ್ತಿಕೊಳ್ಳಲೇಬೇಕು: 'ವರ್ಣಭೇದವನ್ನು ಧಿಕ್ಕರಿಸಿದ ಮಹಾನ್ ಮಾನವತಾವಾದಿ'. ಯಾವಾಗ, ಎಲ್ಲಿ, ಯಾರಿಗಾಗಿ? 1947ರಲ್ಲಿ ವುಡನ್ ಇನ್ನೂ ಇಂಡಿಯಾನಾ ಸ್ಟೇಟ್ ಕಾಲೇಜಿನಲ್ಲಿದ್ದರು. ಅವರ ತಂಡಕ್ಕೆ ಕನ್ಸಾಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಯ ಆಹ್ವಾನ ಬಂತು. ಅಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ. ವುಡನ್ ಆಹ್ವಾನವನ್ನು ಒಪ್ಪಲಿಲ್ಲ. ಮರುವರ್ಷ ಆ ನಿರ್ಬಂಧ ತೆರವಾಯಿತು, ತಂಡ ಹೋಯಿತು, ವಾಕರ್ ಆಡಿದ, ತಂಡ ಫೈನಲ್‌ನಲ್ಲಿ ಸೋತಿತು. ವಾಕರ್ ತಂಡದ ತಾರೆಯಾಗಿರಲಿಲ್ಲ, ಹೆಚ್ಚಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗ. ನನ್ನ ಮಟ್ಟಿಗೆ ಇಡೀ ಪ್ರಸಂಗದ ತಿರುಳು ಆ ಬೆಂಚಿನಲ್ಲಿದೆ. ಅವನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರೂ ತಂಡ ಆಡಬಹುದಿತ್ತು. ನಿಮ್ಮ 'ಮಹಾನ್' ಎಂಬ ಪದ ಆ ಬೆಂಚನ್ನು ಮುಚ್ಚಿಬಿಟ್ಟಿದೆ.

ನಾನು ಇಷ್ಟು ಬಿರುಸಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಜಿಲ್ಲಾ ಕೇಂದ್ರದ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಬರಹವೂ ಒಬ್ಬ ಗುರುವಿನ ಮೇಲೆಯೇ ಇತ್ತು. ನಿವೃತ್ತಿಯ ಅಂಚಿನಲ್ಲಿದ್ದ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟರು. 'ಆದರ್ಶ ಶಿಕ್ಷಕ', 'ತ್ಯಾಗಮಯಿ', 'ದೀಪದಂತೆ ಉರಿದು ಬೆಳಕಾದವರು' ಎಂದೆಲ್ಲ ಎರಡು ಪುಟ ತುಂಬಿಸಿ ಹಿರಿಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, 'ಇವರು ಮಗುವಿನ ಸ್ಲೇಟು ನೋಡುವಾಗ ಎಲ್ಲಿ ನಿಲ್ಲುತ್ತಾರೆ?' ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ದುಡ್ಡು ಕೊಟ್ಟು ವಾಪಸು ಕಳುಹಿಸಿದರು.

ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಮೇಷ್ಟರಿಗೆ ಬಲ ಮಂಡಿ ಮಡಚಲು ಬರುತ್ತಿರಲಿಲ್ಲ. ಆದರೂ ಪ್ರತಿ ಮಗುವಿನ ಪಕ್ಕದಲ್ಲಿ ಎಡಗೈಯನ್ನು ಗೋಡೆಗೆ ಊರಿ, ಬಲಗಾಲನ್ನು ಉದ್ದಕ್ಕೆ ಚಾಚಿ, ನೆಲಕ್ಕೆ ಇಳಿಯುತ್ತಿದ್ದರು. ಗೋಡೆಯ ಸುಣ್ಣದ ಮೇಲೆ ಅವರ ಅಂಗೈ ಎತ್ತರದಲ್ಲಿ ಒಂದು ಮಾಸಲು ಪಟ್ಟಿಯೇ ಮೂಡಿತ್ತು. ಅದನ್ನು ಬರೆದು ತಂದೆ. ಕೊನೆಯಲ್ಲಿ 'ಎಂಥ ನಿಸ್ವಾರ್ಥ ಸೇವೆ!' ಎಂದು ಸೇರಿಸಿದ್ದೆ. ಹಿರಿಯರು ಏನೂ ಹೇಳದೆ ಆ ಮೂರು ಪದಗಳ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಅಚ್ಚಿಗೆ ಕಳುಹಿಸಿದರು. ಅವತ್ತು ನನಗೆ ಬೇಸರವಾಗಿತ್ತು. ಮರುದಿನ ಅಚ್ಚಾದ ಪುಟದಲ್ಲಿ ಆ ಗೋಡೆಯ ಪಟ್ಟಿಯನ್ನು ಓದಿದಾಗ ಗಂಟಲು ಕಟ್ಟಿತು. ಆ ಹಾಳೆ ಈಗಲೂ ನನ್ನ ಬಳಿ ಇದೆ.

ನಿಮ್ಮ ಲೇಖನದಲ್ಲಿಯೂ ಅಂಥ ಒಂದು ಸಾಲಿದೆ, ಅದಕ್ಕಾಗಿಯೇ ಈ ಪತ್ರ. ಹತ್ತನೇ ಪಾಠದಲ್ಲಿ ನೀವು ಬರೆದಿದ್ದೀರಿ: '1985ರ ಮಾರ್ಚ್ 21ರಂದು ನೆಲ್ ತೀರಿಕೊಂಡ ಮೇಲೆ ವುಡನ್ ಪ್ರತಿ ತಿಂಗಳ 21ರಂದು ಹೆಂಡತಿಗೊಂದು ಪತ್ರ ಬರೆದು ಅವಳ ದಿಂಬಿನ ಮೇಲೆ ಇಡುತ್ತಿದ್ದರು.' ಇದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ಇದರ ಕೆಳಗಿನ 'ದಾಂಪತ್ಯದಲ್ಲಿ ನಿಷ್ಠೆಯ ಪಾಠ' ಎಂಬ ಸಾಲನ್ನು ಮಾತ್ರ ತೆಗೆಯಿರಿ.

ಉಳಿದ ಪಾಠಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹತ್ತು ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿ ಹಾಗೆಯೇ ಇರಲಿ. ಆದರೆ ಅವರು ಯುಸಿಎಲ್‌ಎಗೆ ಬಂದದ್ದು 1948ರಲ್ಲಿ, ಮೊದಲ ಪ್ರಶಸ್ತಿ ಸಿಕ್ಕಿದ್ದು 1964ರಲ್ಲಿ ಎಂಬ ಮಾತು ಪಟ್ಟಿಗೆ ಮೊದಲು ಬರಲಿ. ಉಪಶೀರ್ಷಿಕೆಗಳನ್ನೆಲ್ಲ ಕಿತ್ತುಹಾಕಿ. ಕಾಲುಚೀಲದ ಭಾಗವನ್ನೊಂದೇ ಹೊಸದಾಗಿ, ಒಂದು ಪುಟದಷ್ಟು ಬರೆದು ಮೊದಲು ಕಳುಹಿಸಿ. ಬರೆಯುವ ಮುನ್ನ ಒಂದು ಜೊತೆ ಕಾಲುಚೀಲ, ಒಂದು ಜೊತೆ ಬೂಟು ತೆಗೆದುಕೊಂಡು ಕುಳಿತು ಅವರು ಹೇಳಿದಂತೆ ಹಾಕಿ ನೋಡಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳ ಜಾಗವನ್ನು ನಿಮಗಾಗಿ ಖಾಲಿ ಇಟ್ಟಿದ್ದೇನೆ.

ನಿಮ್ಮ,
ಸಂಪಾದಕ