ಅಂಗಡಿಯವರು ಶಾರ್ಕ್ ಅಂದರು, ನಿಜವೇ?

ಪ್ರಶ್ನೆ: ಅಕ್ವೇರಿಯಂ ಅಂಗಡಿಯಿಂದ ಶಾರ್ಕ್ ಮರಿ ತಂದೆವು. ಮೈ ತಿಳಿಗುಲಾಬಿ, ಕಣ್ಣು ಕೆಂಪು, ಬಾಯಿ ಹತ್ತಿರ ಮೀಸೆ. ಲೈಟ್ ಹಾಕಿದರೆ ಗಾಜಿಗೆ ಡಿಕ್ಕಿ ಹೊಡೆಯುತ್ತದೆ. ಇದು ಯಾವ ಶಾರ್ಕ್?

ಉತ್ತರ: ಮೀಸೆ ಇದೆ ಅಂದಿರಲ್ಲ, ಅಲ್ಲೇ ಗುಟ್ಟು ಗೊತ್ತಾಯ್ತು! ಇದು ಶಾರ್ಕ್ ಅಲ್ಲವೇ ಅಲ್ಲ, ಆಗ್ನೇಯ ಏಷ್ಯಾದ ಮೆಕಾಂಗ್ ನದಿ ಕಡೆಯ ಪಂಗಾಸಿಯಸ್ ಅನ್ನೋ ಕ್ಯಾಟ್‌ಫಿಶ್, ಅದರ ಆಲ್ಬಿನೊ (ಹುಟ್ಟಿನಿಂದಲೇ ಮೈಬಣ್ಣ ಇಲ್ಲದ) ಬಗೆ. ಹೋಟೆಲ್‌ಗಳಲ್ಲಿ ಬಾಸಾ ಅಂತ ತಟ್ಟೆಗೆ ಬರೋದೂ ಹೆಚ್ಚಾಗಿ ಇದೇ ಜಾತಿ. ಶಾರ್ಕಿಗಾದರೆ ಕಿವಿರಿನ ಜಾಗದಲ್ಲಿ ಸಾಲಾಗಿ 5ರಿಂದ 7 ಸೀಳು ಇರುತ್ತವೆ, ನಿಮ್ಮದಕ್ಕೆ ಮುಚ್ಚಳ ಇರುತ್ತದೆ, ನೋಡಿ. ಪುಕ್ಕಲು ಮೀನು. ಮೊದಲು ಕೋಣೆಯ ಲೈಟ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಯದು. ಆದರೆ ಇದು 1 ಮೀಟರ್ ದಾಟಿ ಬೆಳೆಯಬಲ್ಲದು, ಮನೆಯ ತೊಟ್ಟಿ ಎಲ್ಲಿ ಸಾಕಾಗುತ್ತೆ? ಈಗಲೇ ಅಂಗಡಿಗೆ ವಾಪಸ್ ಕೊಡೋದು ಒಳ್ಳೆಯದು. ಕೆರೆಗೆ ಮಾತ್ರ ಬಿಡಬೇಡಿ.