ಹೊಸ್ತಿಲಲ್ಲಿ ನಿಂತುಬಿಡುವ ಕಾಲು

ಪ್ರಶ್ನೆ: ನನ್ನ ಸೋದರಮಾವನಿಗೆ 74 ವರ್ಷ. ಆರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಯಿದ್ದು, ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ ಸೇವಿಸುತ್ತಾರೆ. ಮಕ್ಕಳು ಪರವೂರಿನಲ್ಲಿರುವುದರಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಅಂಗಳದಲ್ಲಿ ಸರಾಗವಾಗಿ ನಡೆಯುವವರು, ಮಧ್ಯಾಹ್ನ ಬಂಗುಡೆ ಸಾರು, ಮೊಸರಿನ ಊಟ ಮುಗಿಸಿ ಮಾತ್ರೆ ನುಂಗಿದ ಮೇಲೂ ಚಾವಡಿಯ ಹೊಸ್ತಿಲಲ್ಲಿ ಕಾಲು ಎತ್ತಲಾಗದೆ ನಿಂತುಬಿಡುತ್ತಾರೆ. ಅತ್ತೆ ಇದನ್ನು ಹಟವೆಂದು ಗದರುತ್ತಾರೆ. ಇತ್ತೀಚೆಗೆ ರಾತ್ರಿ ತೋಟದಲ್ಲಿ ಯಾರೋ ನಿಂತಿದ್ದಾರೆ ಎನ್ನುತ್ತಾರೆ. ನೆರೆಯವರು ನಸುಗುನ್ನಿ ಬೀಜದ ಪುಡಿ ಕೊಡಲು ಹೇಳಿದ್ದಾರೆ. ಏನು ಮಾಡಲಿ?
- ಓದುಗರು, ಬ್ರಹ್ಮಾವರ

ಉತ್ತರ: ಮೊದಲು ನಿಮ್ಮ ಅತ್ತೆಯವರ ಸಂಶಯವನ್ನು ಪರಿಹರಿಸೋಣ. ಹಟ ಮಾಡುವವರು ದಿನಕ್ಕೊಂದು ಹೊತ್ತಿನಲ್ಲಿ ಮಾಡಿಯಾರು; ನಿಮ್ಮ ಮಾವನ ಕಾಲು ಮಾತ್ರ ಗಡಿಯಾರ ನೋಡಿಕೊಂಡೇ ನಿಲ್ಲುತ್ತಿದೆ. ಈ ಕಾಯಿಲೆಯಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ಕ್ರಮೇಣ ನಶಿಸುತ್ತವೆ, ಲೆವೊಡೋಪಾ ಮಿದುಳಿಗೆ ತಲುಪಿ ಡೋಪಮೈನ್ ಆಗಿ ಆ ಕೊರತೆಯನ್ನು ತುಂಬುತ್ತದೆ. ಆರಂಭದ ವರ್ಷಗಳಲ್ಲಿ ಉಳಿದ ಕೋಶಗಳು ಅದನ್ನು ಕೂಡಿಟ್ಟು ನಿಧಾನವಾಗಿ ಬಳಸುವುದರಿಂದ ಮಾತ್ರೆ ಸ್ವಲ್ಪ ತಡವಾದರೂ ವ್ಯತ್ಯಾಸ ತಿಳಿಯುವುದಿಲ್ಲ. ಕೋಶಗಳು ಇನ್ನಷ್ಟು ಕಡಿಮೆಯಾದಂತೆ, ರಕ್ತದಲ್ಲಿ ಔಷಧ ಇರುವಷ್ಟು ಹೊತ್ತು ಮಾತ್ರ ದೇಹ ಚುರುಕಾಗಿದ್ದು, ಅದು ಇಳಿದೊಡನೆ ಬಿಗಿಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮಧ್ಯಾಹ್ನದ ಊಟ. ಮೀನು, ಮೊಸರು, ಬೇಳೆಗಳಲ್ಲಿರುವ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಅವು ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮಿದುಳಿಗೂ ದಾಟುವ ದಾರಿಯನ್ನೇ ಲೆವೊಡೋಪಾ ಕೂಡ ಬಳಸುವುದರಿಂದ, ಎರಡೂ ಒಟ್ಟಿಗೆ ಬಂದರೆ ಔಷಧ ಹಿಂದೆ ಬೀಳುತ್ತದೆ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಅಥವಾ ಊಟವಾಗಿ ಒಂದು ಗಂಟೆಯ ಬಳಿಕ, ಬರೀ ನೀರಿನೊಂದಿಗೆ ಕೊಡಿ, ಹಾಲು ಬೆರೆಸಿದ ಕಾಫಿಯೊಂದಿಗೆ ಬೇಡ. ಹಗಲಿಗೆ ಕುಚ್ಚಲಕ್ಕಿ ಗಂಜಿ, ತರಕಾರಿ ಪಲ್ಯ ಇಟ್ಟುಕೊಂಡು ಮೀನಿನ ಸಾರನ್ನು ರಾತ್ರಿಗೆ ಸರಿಸಿ ನೋಡಬಹುದು. ಮೀನನ್ನು ನಿಲ್ಲಿಸಬೇಕಾಗಿಲ್ಲ, ಈ ರೋಗಿಗಳು ತೂಕ ಕಳೆದುಕೊಳ್ಳುವುದು ಸಾಮಾನ್ಯವಾದ್ದರಿಂದ ಬದಲಾಯಿಸಬೇಕಾದದ್ದು ಹೊತ್ತನ್ನೇ ಹೊರತು ಪ್ರಮಾಣವನ್ನಲ್ಲ. ಮಲಬದ್ಧತೆಯೂ ಔಷಧದ ಪರಿಣಾಮ ತಡವಾಗಲು ಕಾರಣವಾಗುವುದರಿಂದ ನೀರು, ನಾರಿನಂಶ ಕಡಿಮೆಯಾಗದಿರಲಿ.

ಇದರ ಜೊತೆಗೆ ಒಂದು ವಾರ ಲೆಕ್ಕ ಬರೆಯಿರಿ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಯಾವಾಗ ಚೆನ್ನಾಗಿ ನಡೆದರು, ಯಾವಾಗ ನಿಂತರು. ನರರೋಗ ತಜ್ಞರು ರೋಗಿಯನ್ನು ನೋಡುವುದು ಹತ್ತು ನಿಮಿಷ ಮಾತ್ರ, ಅದೂ ಸಾಮಾನ್ಯವಾಗಿ ಮಾತ್ರೆ ನುಂಗಿ ಸಿದ್ಧರಾಗಿ ಹೋದ ಹೊತ್ತಿನಲ್ಲಿ. ನಿಮ್ಮ ಒಂದು ಹಾಳೆಯಿಂದ ಅವರಿಗೆ ಮಾತ್ರೆಯ ಅಂತರ ಕಡಿಮೆ ಮಾಡಬೇಕೇ, ಬೇರೆ ಔಷಧ ಸೇರಿಸಬೇಕೇ ಎಂಬುದು ಸ್ಪಷ್ಟವಾಗುತ್ತದೆ.

ಕಾಲು ನಿಂತಾಗ ಕೈ ಹಿಡಿದು ಎಳೆಯಬೇಡಿ, ಬೀಳುವುದು ಆಗಲೇ. ನಿಲ್ಲಲು ಬಿಟ್ಟು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಲು ಹೇಳಿ, ಬಳಿಕ ಎಣಿಕೆಗೆ ಹೆಜ್ಜೆ ಇಡಿಸಿ. ಹೊಸ್ತಿಲಿನ ಆಚೀಚೆ ನೆಲಕ್ಕೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಬಿಳಿ ಪಟ್ಟಿ ಅಂಟಿಸಿದರೆ ಕೆಂಪು ಗಾರೆಯ ನೆಲದಲ್ಲಿ ಎದ್ದು ಕಾಣುತ್ತದೆ, ಅದನ್ನು ದಾಟುವ ಉದ್ದೇಶದಿಂದಲೇ ಕಾಲು ಏಳುತ್ತದೆ. ತಾಳವೂ ಹೀಗೆಯೇ ನೆರವಾಗುತ್ತದೆ. ನಮ್ಮ ಕಡೆಯ ಹಿರಿಯರಿಗೆ ಯಕ್ಷಗಾನದ ತಾಳ ಮೈಗೂಡಿರುತ್ತದೆ. ನಿಮ್ಮ ಮಾವನೂ ಆಟ ನೋಡಿ ಬೆಳೆದವರಾದರೆ ಕೈತಟ್ಟಿ ತಾಳ ಹಾಕಿ ನೋಡಿ. ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳಕ್ಕೆ ಒಬ್ಬರೇ ಇಳಿಯದಿರಲಿ. ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತುವುದೂ ಇರುವುದರಿಂದ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕುಳಿತೇ ಏಳಬೇಕು.

ನಸುಗುನ್ನಿಯ ಬಗ್ಗೆ: ನಿಮ್ಮ ನೆರೆಯವರು ಹೇಳಿದ್ದರಲ್ಲಿ ಸತ್ಯವಿದೆ. ಆ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, ಆಯುರ್ವೇದದವರು ಕಂಪವಾತಕ್ಕೆ, ಅಂದರೆ ಪಾರ್ಕಿನ್ಸನ್‌ನಂಥ ನಡುಕದ ಕಾಯಿಲೆಗೆ, ಬಳಸುತ್ತಾರೆ. ಅಪಾಯವೂ ಅಲ್ಲಿಯೇ ಇದೆ. ಈಗಾಗಲೇ ನಾಲ್ಕು ಮಾತ್ರೆ ಸೇವಿಸುವವರಿಗೆ ಅಳತೆ ತಿಳಿಯದ ಐದನೆಯದನ್ನು ಸೇರಿಸಿದಂತಾಗಿ, ಅನೈಚ್ಛಿಕ ಚಲನೆ, ವಾಂತಿ, ಭ್ರಮೆಗಳು ಹೆಚ್ಚಬಹುದು. ತಜ್ಞರಿಗೆ ತಿಳಿಸದೆ ಕೊಡಬೇಡಿ.

ತೋಟದಲ್ಲಿ ಕಾಣುವ ವ್ಯಕ್ತಿಯ ಬಗ್ಗೆ ಬೇಗನೆ ವೈದ್ಯರಿಗೆ ಹೇಳಿ. ಇದು ಕಾಯಿಲೆಯಿಂದಲೂ, ಅದರ ಔಷಧಗಳಿಂದಲೂ ಬರಬಹುದು; ಹೊಸದಾಗಿ ಶುರುವಾಗಿದ್ದರೆ ಮೂತ್ರದ ಸೋಂಕು, ನೀರಿನ ಕೊರತೆಯನ್ನು ಮೊದಲು ಪರೀಕ್ಷಿಸುತ್ತಾರೆ. ಅಲ್ಲಿ ಯಾರೂ ಇಲ್ಲವೆಂದು ಮಾವನೊಂದಿಗೆ ವಾದಿಸುವ ಬದಲು ದೀಪ ಹಾಕಿ ಜೊತೆಗೆ ಕುಳಿತುಕೊಳ್ಳಿ. ಭ್ರಮೆಗೆಂದು ಹ್ಯಾಲೊಪೆರಿಡಾಲ್, ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಈ ರೋಗಿಗಳಿಗೆ ಕೊಡತಕ್ಕದ್ದಲ್ಲ. ಎರಡೂ ಡೋಪಮೈನ್‌ನ ಕೆಲಸವನ್ನೇ ತಡೆಯುತ್ತವೆ. ಭ್ರಮೆ ಕಂಡಿತೆಂದು ನೀವೇ ಲೆವೊಡೋಪಾವನ್ನು ನಿಲ್ಲಿಸುವುದೂ ಸಲ್ಲದು, ಹಠಾತ್ತಾಗಿ ನಿಲ್ಲಿಸಿದರೆ ತೀವ್ರ ಜ್ವರ, ಮೈಬಿಗಿತದೊಂದಿಗೆ ಪ್ರಾಣಾಪಾಯವಾದೀತು.

ಬೇರೆ ಯಾವುದಾದರೂ ಕಾರಣಕ್ಕೆ ಮಾವನನ್ನು ಆಸ್ಪತ್ರೆಗೆ ದಾಖಲಿಸಬೇಕಾಗಿ ಬಂದರೆ, ಮಾತ್ರೆಯ ಹೊತ್ತುಗಳನ್ನೂ, ಕೊಡಬಾರದ ಔಷಧಗಳೆಂದು ಹ್ಯಾಲೊಪೆರಿಡಾಲ್, ಮೆಟೊಕ್ಲೊಪ್ರಮೈಡ್ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ವಾರ್ಡಿನ ನರ್ಸಿನ ಕೈಗೆ ಕೊಡಿ. ವಾರ್ಡಿನ ಔಷಧದ ಸಮಯವೂ ನಿಮ್ಮ ಮಾವನ ಸಮಯವೂ ಒಂದೇ ಆಗಿರುವುದು ಅಪರೂಪ.